ಕಹಳೆ ಊದುವ ಮುನ್ನ

ದಿನಕ್ಕೆ ಹೆಚ್ಚೆಂದರೆ 96 ಸಲ. ಹದಿನೈದು ನಿಮಿಷಕ್ಕೊಮ್ಮೆ ಕಹಳೆ ಊದುವ ಬೇಟೆಗಾರನಿಗೆ ಇಡೀ ದಿನದಲ್ಲಿ ಸಿಗುವ ಸರದಿ ಅಷ್ಟೇ. ಅದೂ ಊಟ, ನಿದ್ದೆ, ಕೆಲಸ ಎಲ್ಲ ಬಿಟ್ಟು ಪರದೆಯ ಮುಂದೆ ಕೂತರೆ ಮಾತ್ರ. ಮನೆ, ಕಚೇರಿ ನೋಡಿಕೊಳ್ಳುವವರಿಗೆ ಹತ್ತೋ ಇಪ್ಪತ್ತೋ ಸಿಕ್ಕರೆ ಹೆಚ್ಚು. ಯಾರೂ ಊದದೆ ಬಿಟ್ಟರೂ ಬೋನು ಗಂಟೆಗೊಂದು ಸಲ ತಾನಾಗಿಯೇ ಕೆಲಸ ಮಾಡುತ್ತದೆ. ಇಲಿ ಬಿತ್ತೋ, ತಪ್ಪಿಸಿಕೊಂಡಿತೋ, ಚೀಸ್ ತಿಂದು ಚಿನ್ನವನ್ನೂ ಕದ್ದೊಯ್ದಿತೋ ಎಂಬುದು ದಿನಚರಿಯ ಪುಟದಲ್ಲಿ ದಾಖಲಾಗಿರುತ್ತದೆ. ಕೆನಡಾದ ಹಿಟ್‌ಗ್ರ್ಯಾಬ್ ಕಂಪನಿ 2008ರಲ್ಲಿ ಫೇಸ್‌ಬುಕ್ಕಿನಲ್ಲಿ ತೆರೆದ ‘ಮೌಸ್‌ಹಂಟ್’ ಆಟ ಈ ಬಿಗಿಯಾದ ಲೆಕ್ಕದ ಮೇಲೆ ನಿಂತಿದೆ. ಬೆರಳಿನ ಚುರುಕಿಗೆ ಇಲ್ಲಿ ಕೆಲಸವಿಲ್ಲ. ಗುರಿಯಿಟ್ಟು ಹೊಡೆಯುವುದಿಲ್ಲ, ಓಡಿ ಹಿಡಿಯುವುದಿಲ್ಲ. ಕಹಳೆ ಊದುವ ಮುನ್ನ ಯಾವ ಬೋನು ಹೂಡಿದಿರಿ, ಯಾವ ಬೇಸಿನ ಮೇಲೆ ಕೂರಿಸಿದಿರಿ, ಯಾವ ಚೀಸ್ ಇಟ್ಟಿರಿ ಎಂಬುದರಲ್ಲೇ ಆಟ ಮುಗಿದಿರುತ್ತದೆ.

ಫೇಸ್‌ಬುಕ್ ಹೊರಗಿನವರ ಆಟಗಳಿಗೆ ಬಾಗಿಲು ತೆರೆದದ್ದು 2007ರ ಮೇ ತಿಂಗಳಲ್ಲಿ. ಆ ಹೊತ್ತಿನ ದೊಡ್ಡ ಹೆಸರುಗಳನ್ನು ನೆನೆಸಿಕೊಳ್ಳಿ. 2008ರಲ್ಲಿ ಬಂದ ಮಾಫಿಯಾ ವಾರ್ಸ್ 2016ರಲ್ಲಿ ಮುಚ್ಚಿತು. 2009ರಲ್ಲಿ ಮನೆಮನೆಗೂ ಹೊಲ ಹಂಚಿದ ಫಾರ್ಮ್‌ವಿಲ್ 2020ರ ಕೊನೆಯ ದಿನ ಕಣ್ಮರೆಯಾಯಿತು. ಮೌಸ್‌ಹಂಟ್ ಮಾತ್ರ ಫೇಸ್‌ಬುಕ್ಕಿನ ಆಚೆಗೂ ಸ್ವಂತ ಜಾಲತಾಣ ಮಾಡಿಕೊಂಡು, ಫೋನಿಗೂ ಬಂದು, ಇನ್ನೂ ನಡೆಯುತ್ತಿದೆ. ಆಡುವವರಿಂದ ಅದು ಹೊತ್ತನ್ನು ಕಡಿಮೆ ಕೇಳುತ್ತದೆ, ಯೋಚನೆಯನ್ನು ಹೆಚ್ಚು ಕೇಳುತ್ತದೆ. ಇಷ್ಟು ವರ್ಷ ಬಾಳಿದ್ದಕ್ಕೆ ಇದೇ ಕಾರಣವೆಂದು ನನ್ನ ನಂಬಿಕೆ. ಆ ಯೋಚನೆಯ ಪಾಲು ಹೆಚ್ಚಾಗಿ ಹೋಗುವುದು ಒಂದೇ ಪ್ರಶ್ನೆಗೆ: ಕೈಯಲ್ಲಿರುವ ಚಿನ್ನದಲ್ಲಿ ಮುಂದೆ ಯಾವುದನ್ನು ಕೊಳ್ಳಲಿ?

ಕತೆ ಸರಳ. ನಾನಿಯಾ ಎಂಬ ರಾಜ್ಯವನ್ನು ಇಲಿಗಳು ಮುತ್ತಿವೆ. ದೊರೆ ಬೇಟೆಗಾರರನ್ನು ಕರೆದಿದ್ದಾನೆ. ನವಿಸ್ ಎಂಬ ಮೊದಲ ಪದವಿಯಿಂದ ಶುರುಮಾಡಿ ರಿಕ್ರೂಟ್, ಅಪ್ರೆಂಟಿಸ್, ಇನಿಶಿಯೇಟ್ ಎಂದು ಏರುತ್ತ ನೈಟ್, ಲಾರ್ಡ್, ಬ್ಯಾರನ್‌ಗಳನ್ನೂ ದಾಟಿ ಹೋಗಬೇಕು. ಪದವಿ ಏರಿದಂತೆ ಹೊಸ ಊರು, ಕಾಡು, ದ್ವೀಪಗಳ ದಾರಿ ತೆರೆಯುತ್ತದೆ. ಬೋನು ಎಂದರೆ ಒಂದೇ ವಸ್ತುವಲ್ಲ. ಇಲಿಯನ್ನು ಹಿಡಿಯುವ ಆಯುಧ ಒಂದು, ಅದನ್ನು ಕೂರಿಸುವ ಬೇಸ್ ಇನ್ನೊಂದು, ಇಲಿಯನ್ನು ಕರೆಯುವ ಚೀಸ್ ಮೂರನೆಯದು. ಚಾರ್ಮ್ ಎಂಬ ತಾಯಿತದಂಥ ನಾಲ್ಕನೆಯ ಭಾಗವೊಂದು ಆಮೇಲೆ ಸೇರಿತು. ಪ್ರತಿ ಭಾಗಕ್ಕೂ ತನ್ನದೇ ಅಂಕಿಗಳಿವೆ: ಪವರ್, ಪವರಿನ ಮೇಲಿನ ಶೇಕಡಾವಾರು ಬೋನಸ್, ಇಲಿಯನ್ನು ಸೆಳೆಯುವ ಶಕ್ತಿ, ಲಕ್, ಚೀಸ್ ಎಷ್ಟು ಹೊತ್ತು ತಾಜಾ ಉಳಿಯುತ್ತದೆ ಎಂಬ ಗುಣ.

ನಮ್ಮ ಮನೆಗಳಲ್ಲಿ ಇಲಿಬೋನಿಗೆ ಒಣಕೊಬ್ಬರಿಯ ಚೂರೋ ಉಳಿದ ಬೋಂಡವೋ ಸಿಕ್ಕಿಸಿದರೆ ಆಯಿತು, ಯಾವ ಇಲಿಯಾದರೂ ಬರುತ್ತದೆ. ಇಲ್ಲಿ ಹಾಗಲ್ಲ. ಚೆಡ್ಡರ್ ಇಟ್ಟರೆ ಬರುವ ಇಲಿ ಬೇರೆ, ಬ್ರೀ ಅಥವಾ ಗೌಡಾ ಇಟ್ಟರೆ ಬರುವ ಇಲಿ ಬೇರೆ. ಕೆಲವು ಇಲಿಗಳು ಒಂದೇ ಒಂದು ಬಗೆಯ ಚೀಸಿಗಲ್ಲದೆ ಮೂಸಿಯೂ ನೋಡುವುದಿಲ್ಲ. ಚೀಸನ್ನು ಆರಿಸಿದರೆ ಎದುರಾಳಿಯನ್ನು ಆರಿಸಿದಂತೆ. ಎದುರಾಳಿ ಯಾರೆಂದು ತಿಳಿದ ಮೇಲೆಯೇ ಆಯುಧದ ಮಾತು.

ಹೊಸಬರು ಅಂಗಡಿಗೆ ಹೋದ ಕೂಡಲೇ ನೋಡುವುದು ಪವರ್ ಎಂಬ ಅಂಕಿಯನ್ನು. ಯಾವುದು ದೊಡ್ಡದೋ ಅದು ಒಳ್ಳೆಯದು ಎಂಬ ಲೆಕ್ಕ. ಆಟದ ಮೊದಲ ದಿನಗಳಲ್ಲಿ, ಮೆಡೋ ಎಂಬ ಹುಲ್ಲುಗಾವಲಿನಲ್ಲಿ, ಈ ಲೆಕ್ಕ ಹೇಗೋ ನಡೆಯುತ್ತದೆ. 500 ಪೌಂಡ್ ಸ್ಪೈಕ್ಡ್ ಕ್ರಷರ್ ಅಥವಾ ಸ್ವಿಸ್ ಆರ್ಮಿ ಮೌಸ್ ಟ್ರ್ಯಾಪ್ ಇದ್ದರೆ ಸಣ್ಣಪುಟ್ಟ ಇಲಿಗಳು ಬೀಳುತ್ತಲೇ ಇರುತ್ತವೆ. ಮುಂದಿನ ಊರುಗಳಲ್ಲಿ ಅದು ಸಾಗದು. ಪ್ರತಿ ಆಯುಧಕ್ಕೂ ಒಂದು ಪವರ್ ಟೈಪ್ ಇದೆ: ಫಿಸಿಕಲ್, ಟ್ಯಾಕ್ಟಿಕಲ್, ಹೈಡ್ರೊ, ಆರ್ಕೇನ್, ಶ್ಯಾಡೊ, ಫರ್ಗಾಟನ್, ಡ್ರಕೋನಿಕ್, ಮುಂದೆ ಲಾ ಮತ್ತು ರಿಫ್ಟ್ ಕೂಡ. ಪ್ರತಿ ಇಲಿಗೂ ಇವುಗಳಲ್ಲಿ ಕೆಲವು ತಾಗುತ್ತವೆ, ಕೆಲವು ಅರೆಬರೆ ತಾಗುತ್ತವೆ, ಕೆಲವು ತಾಗುವುದೇ ಇಲ್ಲ. ಕಾಮ್ ಕ್ಲಿಯರಿಂಗ್ ಮತ್ತು ಗ್ರೇಟ್ ನಾರ್ಲ್ಡ್ ಟ್ರೀ ಇರುವ ಕಾಡಿನಲ್ಲಿ ಟ್ಯಾಕ್ಟಿಕಲ್ ಬೇಕು, ವೀನಸ್ ಮೌಸ್ ಟ್ರ್ಯಾಪಿನಂಥದ್ದು. ಸತ್ತವರ ಇಲಿಗಳು ಓಡಾಡುವ ಮೌಸೋಲಿಯಮ್ಮಿಗೆ ಆರ್ಕೇನ್ ಬೇಕು. ಅಲ್ಲಿ ಆಬೆಲಿಸ್ಕ್ ಆಫ್ ಸ್ಲಂಬರ್ ಮಾಡುವ ಕೆಲಸವನ್ನು ಎಷ್ಟೇ ಭಾರದ ಕಬ್ಬಿಣದ ಬೋನೂ ಮಾಡಲಾರದು.

ಇದನ್ನು ಅತ್ಯಂತ ಸೊಗಸಾಗಿ ಕಟ್ಟಿರುವುದು ಟ್ರೈಬಲ್ ದ್ವೀಪಗಳಲ್ಲಿ ಎಂದು ನನಗೆ ಅನಿಸುತ್ತದೆ. ಕೇಪ್ ಕ್ಲಾಡ್ ಎಂಬ ಭೂಶಿರದಲ್ಲಿ ಇಳಿದವರ ಮುಂದೆ ಮೂರು ಬುಡಕಟ್ಟುಗಳ ನೆಲ ಹರಡಿಕೊಳ್ಳುತ್ತದೆ. ಡೆರ್ ಡ್ಯೂನ್ಸ್ ಎಂಬ ಮರಳುದಿಬ್ಬಗಳಲ್ಲಿ ಫಿಸಿಕಲ್, ನೆರ್ಗ್ ಪ್ಲೇನ್ಸ್ ಎಂಬ ಬಯಲಿನಲ್ಲಿ ಟ್ಯಾಕ್ಟಿಕಲ್, ಎಲಬ್ ಶೋರ್ ಎಂಬ ಕಡಲಂಚಿನಲ್ಲಿ ಹೈಡ್ರೊ. ಅದರಾಚೆ ಜಂಗಲ್ ಆಫ್ ಡ್ರೆಡ್ ಎಂಬ ಕಾಡು, ಅಲ್ಲಿಗೆ ಶ್ಯಾಡೊ. ಕೊನೆಗೆ ಡ್ರಕಾನೊ ಜ್ವಾಲಾಮುಖಿ. ಅಲ್ಲಿನ ಡ್ರ್ಯಾಗನ್ ಇಲಿಗೆ ಇನ್‌ಫರ್ನೊ ಹವಾರ್ಟಿ ಎಂಬ ಚೀಸ್, ಡ್ರಕೋನಿಕ್ ಆಯುಧ. ಪ್ರತಿ ಬುಡಕಟ್ಟಿನ ಮುಖ್ಯಸ್ಥನನ್ನು ಕರೆಯಲು ಅವರವರದೇ ಚೀಸ್ ಬೇಕು: ಡೆರ್‌ಗೆ ಕ್ರಂಚಿ, ನೆರ್ಗ್‌ಗೆ ಗಂಬೊ, ಎಲಬ್‌ಗೆ ಶೆಲ್. ಒಂದೇ ಆಯುಧವನ್ನು ಹೊತ್ತು ಇಷ್ಟೂ ಕಡೆ ಹೋದವನು ಒಂದು ದ್ವೀಪದಲ್ಲಿ ದೊರೆ, ಪಕ್ಕದ ದ್ವೀಪದಲ್ಲಿ ಬರಿಗೈ. ಹಾಗೆಂದು ಮೂರೂ ಬಗೆಯನ್ನು ಒಮ್ಮೆಗೆ ಕೊಳ್ಳುವಷ್ಟು ಚಿನ್ನ ಆ ಹಂತದಲ್ಲಿ ಯಾರ ಬಳಿಯೂ ಇರುವುದಿಲ್ಲ. ಈಗಾಗಲೇ ಯಾವ ಬಗೆಯಲ್ಲಿ ನಿಮ್ಮ ಕೈ ಗಟ್ಟಿಯಿದೆಯೋ ಆ ದ್ವೀಪದಿಂದ ಶುರುಮಾಡಿ, ಅಲ್ಲಿನ ಗಳಿಕೆಯಿಂದ ಮುಂದಿನ ದ್ವೀಪದ ಆಯುಧ ಕೊಳ್ಳುವುದು ಸರಿಯಾದ ದಾರಿ. ಇನ್ನೂ ಕಾಲಿಡದ ಮೂರನೆಯ ದ್ವೀಪಕ್ಕೆ ಮೊದಲೇ ಖರ್ಚು ಮಾಡುವುದರಲ್ಲಿ ಅರ್ಥವಿಲ್ಲ.

ಈಗ ಈ ಆಟದ ಹೃದಯಕ್ಕೆ ಬರೋಣ. ಒಂದು ಇಲಿ ಬೀಳುವ ಸಾಧ್ಯತೆ ಎಷ್ಟು ಎಂಬುದನ್ನು ಆಟ ಅಂಕಿಯಲ್ಲಿ ತೋರಿಸುವುದಿಲ್ಲ. ‘ಎಫರ್ಟ್‌ಲೆಸ್’ ಎಂಬಲ್ಲಿಂದ ‘ಇಂಪಾಸಿಬಲ್’ ಎಂಬಲ್ಲಿಯವರೆಗೆ ಮಾತಿನಲ್ಲಿ ಹೇಳುತ್ತದೆ. ಆಟಗಾರರು ವರ್ಷಗಟ್ಟಲೆ ತಮ್ಮ ಬೇಟೆಗಳ ದಾಖಲೆಯನ್ನು ಒಟ್ಟುಗೂಡಿಸಿ ಒಳಗಿನ ಸೂತ್ರವನ್ನು ಹೊರತೆಗೆದರು. ಯಾರೂ ಹೇಳದೆ, ಯಾರೂ ಸಂಬಳ ಕೊಡದೆ ಮಾಡಿದ ಈ ಕೆಲಸ ನನಗೆ ಆಟಕ್ಕಿಂತಲೂ ದೊಡ್ಡದಾಗಿ ಕಾಣುತ್ತದೆ. ಸೂತ್ರ ಹೀಗಿದೆ: ಬೋನಿನ ಪವರನ್ನು ಆ ಇಲಿಯ ಮೇಲೆ ಅದು ತಾಗುವ ಪ್ರಮಾಣದಿಂದ ಗುಣಿಸಿ. ಲಕ್ಕನ್ನೂ ಅದೇ ಪ್ರಮಾಣದಿಂದ ಗುಣಿಸಿ (ಇದಕ್ಕೆ 1.4ರ ಮಿತಿಯಿದೆ), ದಶಾಂಶ ಬಿಟ್ಟು, ವರ್ಗ ಮಾಡಿ, ಅದರ ಎರಡರಷ್ಟನ್ನು ಮೊದಲಿನದಕ್ಕೆ ಕೂಡಿ. ಬಂದ ಮೊತ್ತವನ್ನು, ತಾಗುವ ಪವರ್ ಮತ್ತು ಇಲಿಯ ಪವರ್ ಎರಡರ ಮೊತ್ತದಿಂದ ಭಾಗಿಸಿ. ಅಷ್ಟೇ.

ಒಂದು ಉದಾಹರಣೆ ಮಾಡಿ ನೋಡೋಣ. ಇಲಿಯ ಪವರ್ 5000 ಎಂದಿಟ್ಟುಕೊಳ್ಳಿ. ನಿಮ್ಮ ಬೋನಿನ ಪವರ್ 2500, ಲಕ್ 10, ಪೂರ್ತಿ ತಾಗುವ ಬಗೆ. 2500ಕ್ಕೆ 200 ಕೂಡಿ 7500ರಿಂದ ಭಾಗಿಸಿದರೆ ನೂರಕ್ಕೆ 36. ಈಗ ಪವರನ್ನು ಇಮ್ಮಡಿ ಮಾಡಿ 5000ಕ್ಕೆ ಏರಿಸಿದರೆ ಸಿಗುವುದು ನೂರಕ್ಕೆ 52. ಪವರನ್ನು ಹಾಗೇ ಬಿಟ್ಟು ಲಕ್ಕನ್ನು 30 ಮಾಡಿದರೆ ನೂರಕ್ಕೆ 57. ಲಕ್ 50 ಆದರೆ? 2500ಕ್ಕೆ 5000 ಸೇರಿ 7500, ಅದನ್ನು 7500ರಿಂದಲೇ ಭಾಗಿಸಬೇಕು. ಅಂದರೆ ನೂರಕ್ಕೆ ನೂರು. ಇಲಿ ತಪ್ಪಿಸಿಕೊಳ್ಳುವ ಪ್ರಶ್ನೆಯೇ ಇಲ್ಲ. ಅಲ್ಲಿಗೆ ಬೋನಿನ ಪವರ್ 2500 ಇದ್ದರೇನು, 500 ಇದ್ದರೇನು, ಲೆಕ್ಕ ಒಂದೇ. ಇಂಥ ಅಂಚಿಗೆ ಆಟಗಾರರು ‘ಮಿನ್‌ಲಕ್’ ಎನ್ನುತ್ತಾರೆ. ಪ್ರತಿ ಇಲಿಗೂ ಅದರ ಪಟ್ಟಿ ಮಾಡಿಟ್ಟುಕೊಂಡವರಿದ್ದಾರೆ.

ಲಕ್ ವರ್ಗದಲ್ಲಿ ಬೆಳೆಯುವುದರಿಂದ ಅದರ ಪ್ರತಿ ಹೆಜ್ಜೆಗೆ ಒಂದೇ ಬೆಲೆಯಿರುವುದಿಲ್ಲ. ಲಕಿ ಗೋಲ್ಡನ್ ಶೀಲ್ಡ್ ಎಂಬ ಗುರಾಣಿ 7 ಲಕ್ ಕೊಡುತ್ತದೆ. ಮೇಲಿನ ಲೆಕ್ಕದಲ್ಲಿ ಲಕ್ 10 ಇದ್ದವನು ಅದನ್ನು ತೊಟ್ಟರೆ ನೂರಕ್ಕೆ 36 ಇದ್ದದ್ದು 41 ಆಗುತ್ತದೆ. ಲಕ್ 30 ಇದ್ದವನು ತೊಟ್ಟರೆ 57 ಇದ್ದದ್ದು ಸುಮಾರು 70 ಆಗುತ್ತದೆ. ಅದೇ ಗುರಾಣಿ, ಅದೇ ಇಲಿ, ಲಾಭ ಇಮ್ಮಡಿಗೂ ಹೆಚ್ಚು. ಆದ್ದರಿಂದ ಲಕ್ಕನ್ನು ಅಲ್ಲೊಂದು ಇಲ್ಲೊಂದು ಚೂರಾಗಿ ಕೂಡಿಸಿದರೆ ಮೊದಲು ಏನೂ ಕಾಣದು. ಬೇಸ್, ಆಯುಧ, ಚಾರ್ಮ್, ಗುರಾಣಿ ನಾಲ್ಕರಲ್ಲೂ ಒಟ್ಟಾಗಿ ಏರಿಸಿದಾಗಲೇ ಅದರ ನಿಜವಾದ ಬಲ ತೋರುತ್ತದೆ. ಆರಂಭದ ಹಂತದಲ್ಲಿ ಪವರಿಗೂ, ಮುಂದುವರಿದ ಹಂತದಲ್ಲಿ ಲಕ್ಕಿಗೂ ಖರ್ಚು ಮಾಡಿ ಎಂದು ಹಳೆಯ ಬೇಟೆಗಾರರು ಹೇಳುವುದು ಇದಕ್ಕೇ.

ತಪ್ಪು ಬಗೆಯ ಆಯುಧ ಎಷ್ಟು ದುಬಾರಿ ಎಂಬುದೂ ಇದೇ ಸೂತ್ರದಲ್ಲಿದೆ. 5000 ಪವರ್, 20 ಲಕ್ ಇರುವ ಭಾರೀ ಬೋನು ಒಂದು ಇಲಿಯ ಮೇಲೆ ಅರ್ಧ ಮಾತ್ರ ತಾಗುತ್ತದೆ ಎಂದುಕೊಳ್ಳಿ. ಅದರ ಫಲ 2500 ಪವರ್, 10 ಲಕ್ ಇರುವ ಸರಿಯಾದ ಬಗೆಯ ಬೋನಿನಷ್ಟೇ. ಪವರ್, ಲಕ್ ಎರಡೂ ಅರ್ಧಕ್ಕಿಳಿದವು. ತದ್ವಿರುದ್ಧವಾಗಿ, 1.4ರಷ್ಟು ತಾಗುವ ಬಗೆ ಸಿಕ್ಕಿತೋ, ಅದೇ 5000ದ ಇಲಿಯನ್ನು ಖಾತ್ರಿಯಾಗಿ ಹಿಡಿಯಲು 50 ಲಕ್ ಬೇಕಿಲ್ಲ, 36 ಸಾಕು. ಕೊಳ್ಳುವ ಮೊದಲು ನಾನು ನೋಡುವ ಕ್ರಮ ಹೀಗೆ: ಮೊದಲು ಪವರ್ ಟೈಪ್, ಆಮೇಲೆ ಲಕ್, ಕೊನೆಗೆ ಪವರ್. ಅಂಗಡಿಯ ಹಲಗೆಯಲ್ಲಿ ಕಣ್ಣಿಗೆ ಹೊಡೆಯುವಂತಿರುವುದು ಮೂರನೆಯದು.

ಈ ಲೆಕ್ಕವನ್ನು ಕೈಯಲ್ಲಿ ಮಾಡುತ್ತ ಕೂರಬೇಕಾಗಿಲ್ಲ. ಕ್ಯಾಚ್ ರೇಟ್ ಎಸ್ಟಿಮೇಟರ್ ಎಂಬ ಉಚಿತ ಸಾಧನವನ್ನು ಆಟಗಾರರೇ ಕಟ್ಟಿದ್ದಾರೆ. ಊರು, ಚೀಸ್, ಆಯುಧ, ಬೇಸ್ ಕೊಟ್ಟರೆ ಯಾವ ಇಲಿ ಎಷ್ಟು ಸಲ ಬರಬಹುದು, ಎಷ್ಟು ಸಲ ಬೀಳಬಹುದು ಎಂದು ಹೇಳುತ್ತದೆ. ಚಿನ್ನ ಖರ್ಚು ಮಾಡುವ ಮುನ್ನ ಇನ್ನೂ ಕೈಗೆ ಬಾರದ ಆಯುಧವನ್ನು ಅದರಲ್ಲಿ ಹೂಡಿ ನೋಡಬಹುದು. ಮುಂದಿನ ಊರಿನ ಇಲಿಗಳ ಮೇಲೆ ಎರಡು ಆಯುಧಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ, ಬೆಲೆಯಲ್ಲಿ ಭಾರೀ ಅಂತರವಿರುವ ಎರಡರ ನಡುವೆ ನೂರಕ್ಕೆ ಎರಡೋ ಮೂರೋ ಮಾತ್ರ ವ್ಯತ್ಯಾಸ ಕಾಣುವುದೂ ಉಂಟು.

ಬೇಸನ್ನು ಜನ ಕಡೆಗಣಿಸುತ್ತಾರೆ. ಆಯುಧ ಕಣ್ಣಿಗೆ ಕಾಣುತ್ತದೆ, ಬೇಸ್ ಅದರ ಕೆಳಗೆ ಮರೆಯಾಗಿ ಕೂತಿರುತ್ತದೆ. ಆಯುಧ ಒಂದು ಬಗೆಯ ಇಲಿಗೆ ಮಾತ್ರ ಸಲ್ಲುತ್ತದೆ. ಒಳ್ಳೆಯ ಬೇಸ್ ಎಲ್ಲ ಆಯುಧದ ಕೆಳಗೂ ಕೂರುತ್ತದೆ. ನಾಲ್ಕು ಆಯುಧ ಇರುವವನಿಗೆ ಬೇಸಿಗೆ ಹಾಕಿದ ಚಿನ್ನ ನಾಲ್ಕು ಕಡೆ ದುಡಿಯುತ್ತದೆ. ಇದಲ್ಲದೆ ಇನ್ನೊಂದು ಸೂಕ್ಷ್ಮವಿದೆ. ಶೇಕಡಾ ಬೋನಸ್ ಲೆಕ್ಕ ಹಾಕುವುದು ಆಯುಧ ಮತ್ತು ಬೇಸ್ ಎರಡರ ಪವರ್ ಕೂಡಿದ ಮೇಲೆ. ಒಂದು ಬೇಸ್ 500 ಪವರ್ ಕೊಡುತ್ತದೆ, ಇನ್ನೊಂದು ಬರೀ ಶೇಕಡಾ 10 ಬೋನಸ್ ಕೊಡುತ್ತದೆ ಎಂದುಕೊಳ್ಳಿ. ಆಯುಧ 3000ದ್ದಾದರೆ ಮೊದಲನೆಯದು 3500ಕ್ಕೆ ಒಯ್ಯುತ್ತದೆ, ಎರಡನೆಯದು 3300ಕ್ಕೆ. ಆಯುಧ 8000ದ್ದಾದರೆ ಮೊದಲನೆಯದು 8500, ಎರಡನೆಯದು 8800. ಒಂದು ಕಾಲಕ್ಕೆ ಬೇಡವೆಂದು ಬದಿಗಿಟ್ಟ ಬೇಸ್, ಆಯುಧ ಬದಲಾದ ದಿನ ಒಳ್ಳೆಯದಾಗಿರುತ್ತದೆ. ಆಯುಧ ಬದಲಿಸಿದಾಗಲೆಲ್ಲ ಪೆಟ್ಟಿಗೆಯಲ್ಲಿರುವ ಬೇಸುಗಳನ್ನು ಮತ್ತೊಮ್ಮೆ ತೂಗಿ ನೋಡಬೇಕು.

ಸೆಳೆತ ಮತ್ತು ತಾಜಾತನದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಇಲಿಯೇ ಬಾರದಿದ್ದರೆ ಸರದಿ ವ್ಯರ್ಥ, ಬೋನಿನಲ್ಲಿ ಚೀಸ್ ಬೇಗ ಹಳಸಿದರೆ ಚೀಸ್ ವ್ಯರ್ಥ. ದುಬಾರಿ ಚೀಸ್ ಇಡುವ ದಿನಗಳಲ್ಲಿ ಈ ಎರಡು ಸಾಲನ್ನೂ ಓದಿ, ಉಳಿದ ದಿನ ಮರೆತರೂ ನಡೆಯುತ್ತದೆ.

ಕೆಲವು ಊರುಗಳು ಬೇಟೆಗಾರನ ಆಯುಧದ ಪೆಟ್ಟಿಗೆಯನ್ನೇ ಪರೀಕ್ಷೆಗೆ ಒಡ್ಡುತ್ತವೆ. ಸೀಸನಲ್ ಗಾರ್ಡನ್ ಎಂಬ ತೋಟದಲ್ಲಿ ಕೆಲವೇ ದಿನಗಳಿಗೊಮ್ಮೆ ಋತು ಬದಲಾಗುತ್ತದೆ. ವಸಂತದ ಇಲಿಗಳಿಗೆ ಫಿಸಿಕಲ್, ಬೇಸಿಗೆಗೆ ಟ್ಯಾಕ್ಟಿಕಲ್, ಎಲೆ ಉದುರುವ ಕಾಲಕ್ಕೆ ಶ್ಯಾಡೊ, ಚಳಿಗಾಲಕ್ಕೆ ಹೈಡ್ರೊ. ಒಂದೇ ಬಗೆಯನ್ನು ಶಿಖರಕ್ಕೇರಿಸಿದವನು ನಾಲ್ಕರಲ್ಲಿ ಮೂರು ಋತು ಸುಮ್ಮನೆ ಕೂರುತ್ತಾನೆ. ನಾಲ್ಕನ್ನೂ ಮಧ್ಯಮ ಮಟ್ಟದಲ್ಲಿ ಇಟ್ಟುಕೊಂಡವನು ವರ್ಷವಿಡೀ ದುಡಿಯುತ್ತಾನೆ. ಅಲ್ಲಿಂದ ಮುಂದಿನ ಜುಗ್‌ಜ್ವಾಂಗ್ ಗೋಪುರದಲ್ಲಿ ಚದುರಂಗದ ಕಾಯಿಗಳೇ ಇಲಿಗಳಾಗಿ ನಿಂತಿವೆ: ಕಾಲಾಳು, ಕುದುರೆ, ಆನೆ, ರಾಣಿ, ರಾಜ. ಮಿಸ್ಟಿಕ್ ಎಂಬುದು ಒಂದು ಪಡೆ, ಟೆಕ್ನಿಕ್ ಎಂಬುದು ಇನ್ನೊಂದು. ಬ್ಲ್ಯಾಕ್‌ಸ್ಟೋನ್ ಪಾಸ್ ಎಂಬ ಆಯುಧ ಮಿಸ್ಟಿಕ್ ಪಡೆಯ ಎದುರು ಬಲಗೊಂಡು ಟೆಕ್ನಿಕ್ ಎದುರು ಕುಗ್ಗುತ್ತದೆ. ಆಬ್ವಿಯಸ್ ಆಂಬುಷ್ ಎಂಬುದು ಸರಿಯಾಗಿ ಅದರ ಉಲ್ಟಾ. ಎರಡರ ಬಗೆಯೂ ಟ್ಯಾಕ್ಟಿಕಲ್ಲೇ. ಬಗೆ ಸರಿಯಿದ್ದರೂ ಸಾಲದು, ಯಾವ ಪಡೆಯ ಮೇಲೆ ಏರಿಹೋಗುತ್ತಿದ್ದೇನೆ ಎಂದು ತೀರ್ಮಾನಿಸಿದ ಮೇಲೆ ಕೊಳ್ಳಬೇಕು. ಆಟವನ್ನು ಕಟ್ಟಿದವರ ಜಾಣ್ಮೆಗೆ ನಾನು ಇಲ್ಲಿ ತಲೆಬಾಗುತ್ತೇನೆ.

ದುಡ್ಡಿನ ಮಾತು ಬಂದೇ ಬರುತ್ತದೆ. ಆಟ ಉಚಿತ. ಆದರೆ ಕಂಪನಿಗೆ ನಿಜವಾದ ಹಣ ಕೊಟ್ಟವರಿಗೆ ಸೂಪರ್ ಬ್ರೀ ಪ್ಲಸ್ ಎಂಬ ಚೀಸ್ ಸಿಗುತ್ತದೆ. ಅದು ಹಳಸುವುದಿಲ್ಲ, ಇಲಿಗಳನ್ನು ಚೆನ್ನಾಗಿ ಸೆಳೆಯುತ್ತದೆ. ಆಟದೊಳಗಿನ ಮಾರುಕಟ್ಟೆಯಲ್ಲಿ ಅದನ್ನು ಚಿನ್ನಕ್ಕೆ ಮಾರಬಹುದು, ಚಿನ್ನ ಕೊಟ್ಟು ಕೊಳ್ಳಲೂಬಹುದು. ಹೀಗಾಗಿ ಒಂದು ರೂಪಾಯಿ ಹಾಕದವನಿಗೂ ತಾಳ್ಮೆಯಿದ್ದರೆ ಅದು ದಕ್ಕುತ್ತದೆ. ಈ ವ್ಯವಸ್ಥೆ ನ್ಯಾಯವಾದದ್ದೆಂದು ನನ್ನ ಅಭಿಪ್ರಾಯ. ಹಬ್ಬಗಳಲ್ಲಿ, ಆಟದ ಹುಟ್ಟುಹಬ್ಬದಲ್ಲಿ, ರೊಂಜಾ ಎಂಬ ಸಂಚಾರಿ ವ್ಯಾಪಾರಗಾತಿ ಹಾರುವ ಹಡಗಿನಲ್ಲಿ ಬಂದಿಳಿದಾಗ ಮಾರಾಟವಾಗುವ ಸೀಮಿತ ಸರಕಿನ ವಿಷಯ ಬೇರೆ. ಅವು ಆಮೇಲೆ ಸಿಗುವುದಿಲ್ಲ ಎಂಬ ಒಂದೇ ಕಾರಣಕ್ಕೆ ಕೈ ಓಡುತ್ತದೆ. ಅವುಗಳಲ್ಲಿ ನಿಜಕ್ಕೂ ಒಳ್ಳೆಯವು ಇವೆ. ಆದರೂ ಮುಂದಿನ ಊರಿಗೆ ಬೇಕಾದ ಆಯುಧದ ಚಿನ್ನವನ್ನು ಅಲ್ಲಿ ಸುರಿದರೆ ಬೇಟೆ ಅಲ್ಲಿಗೇ ನಿಲ್ಲುತ್ತದೆ. ಬೇಕಾದ ಆಯುಧ ಕೈಯಲ್ಲಿದ್ದು, ಅದರ ಮೇಲೆ ಉಳಿದ ಚಿನ್ನವಿದ್ದರೆ ರೊಂಜಾಳ ಬಳಿ ಹೋಗಿ. ಅಲ್ಲೂ ಪವರ್ ನೋಡಬೇಡಿ, ಲಕ್ ಇರುವ ಬೇಸ್ ಇದೆಯೇ ಎಂದು ಕೇಳಿ.

ಇಷ್ಟು ನಿಧಾನದ ಆಟದಲ್ಲಿ ಯಂತ್ರಕ್ಕೆ ಕಹಳೆ ಊದಲು ಹೇಳಿ ಮಲಗುವ ಆಸೆ ಯಾರಿಗಾದರೂ ಬರಬಹುದು. ಅದನ್ನು ತಡೆಯಲು ಆಗಾಗ ‘ಕಿಂಗ್ಸ್ ರಿವಾರ್ಡ್’ ಬರುತ್ತದೆ. ಚಿತ್ರದಲ್ಲಿರುವ ಅಕ್ಷರಗಳನ್ನು ಓದಿ ಬರೆಯುವವರೆಗೆ ಬೇಟೆ ಮುಂದೆ ಸಾಗದು; ಬರೆದವರಿಗೆ ದೊರೆಯ ಇನಾಮು. ಜೊತೆಗೆ ಗೆಳೆತನಕ್ಕೂ ಇಲ್ಲಿ ಬೆಲೆಯಿದೆ. ಒಂದೇ ಊರಿನಲ್ಲಿರುವ ಗೆಳೆಯ ಕಹಳೆ ಊದಿದರೆ ನಿಮ್ಮ ಬೋನಿಗೂ ಒಂದು ಸರದಿ ಸಿಗಬಹುದು. ಹಾಗಾಗಿ ಆಯುಧ ಕೊಳ್ಳುವಾಗ ಗೆಳೆಯರು ಯಾವ ಊರಿನತ್ತ ಹೊರಟಿದ್ದಾರೆ ಎಂದು ವಿಚಾರಿಸುವುದೂ ಲೆಕ್ಕಕ್ಕೆ ಸೇರಿದ್ದೇ.

ಹೊಸದನ್ನು ಕೊಂಡ ಕೂಡಲೇ ಹಳೆಯದನ್ನು ಅಂಗಡಿಗೆ ಮಾರಿಬಿಡುವವರಿದ್ದಾರೆ. ಕೊಂಡ ಬೆಲೆ ಬರುವುದಿಲ್ಲ, ಅದು ಚಿಕ್ಕ ನಷ್ಟ. ದೊಡ್ಡದು ಮುಂದಿದೆ. ಮೇಲಿನ ಹಂತದ ಅನೇಕ ಆಯುಧಗಳು ಅಂಗಡಿಯಲ್ಲಿ ಸಿಗುವುದೇ ಇಲ್ಲ. ನಕ್ಷೆ ಸಂಪಾದಿಸಿ, ಹಳೆಯ ಆಯುಧವನ್ನೇ ಸಾಮಗ್ರಿಯಾಗಿ ಹಾಕಿ ಹೊಸದನ್ನು ಕಟ್ಟಿಕೊಳ್ಳಬೇಕು. ಹೈಡ್ರೊ ಬಗೆಯ ಓಯಸಿಸ್ ವಾಟರ್ ನೋಡ್ ಮುಂದೆ ಫ್ಯಾಂಟಾಸ್ಮಿಕ್ ಓಯಸಿಸ್ ಆಗುತ್ತದೆ, ಅದಕ್ಕೂ ಮುಂದೆ ಕ್ರೋಮ್ ಹೊದಿಸಿದ ರೂಪವಿದೆ. ಮಾನ್‌ಸ್ಟ್ರೊಬಾಟ್, ಸ್ಫಿಂಕ್ಸ್ ರಾತ್ ಮುಂತಾದವಕ್ಕೂ ಹೀಗೇ ಕ್ರೋಮ್ ಪದವಿಯುಂಟು. ಯಾವುದು ಮುಂದೆ ಯಾವುದರ ಒಳಗೆ ಸೇರಲಿದೆ ಎಂದು ತಿಳಿಯದ ಹೊತ್ತಿನಲ್ಲಿ ಆಯುಧವನ್ನು ಮಾರಬಾರದು. ಸುತ್ತಿಗೆಯಿಂದ ಒಡೆದು ಬಿಡಿಭಾಗ ಮಾಡಲೂಬಾರದು. ಪೆಟ್ಟಿಗೆಯಲ್ಲಿ ಜಾಗಕ್ಕೆ ಬಾಡಿಗೆಯಿಲ್ಲ. ಚೀಸಿಗೆ ಚಿನ್ನ ಸಾಲದೆ ಬಂದರೆ ಎರಡು ಊರು ಹಿಂದಕ್ಕೆ ಹೋಗಿ, ಈಗಿನ ಆಯುಧಕ್ಕೆ ತಪ್ಪದೆ ಬೀಳುವ ಹಳೆಯ ಇಲಿಗಳನ್ನು ಹಿಡಿದು, ಅಗ್ಗದ ಚೀಸಿನಲ್ಲೇ ಚಿನ್ನ ಕೂಡಿಸಿಕೊಂಡು ಬನ್ನಿ.